ಕಾಲ್ತುಳಿತ ಅನ್ನೋ ಪದ: ಫುಟ್‌ಬಾಲ್ ಗ್ಯಾಲರಿಗಳ ಕೆಲವು ಹಳೇ ನೆನಪುಗಳು

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರು, ಕ್ಯಾಬ್‌ನಲ್ಲಿ ಇಯರ್‌ಫೋನ್ ಮರೆತು ಬಂದವರು ಓದಿಕೊಳ್ಳಲಿ ಅಂತ, ಈ ವಾರ ಆಡಿದ ಮಾತನ್ನು ಸ್ವಲ್ಪ ತಿದ್ದಿ ಇಲ್ಲಿ ಹಾಕಿದ್ದೀನಿ.

ಇವತ್ತಿನ ವಿಷಯ ಫುಟ್‌ಬಾಲ್. ಆದರೆ ಶುರು ಮಾಡಬೇಕಾಗಿರೋದು ಕ್ರಿಕೆಟ್ಟಿನಿಂದ.

2025ರ ಜೂನ್ 4. ಹಿಂದಿನ ರಾತ್ರಿ ಆರ್‌ಸಿಬಿ ಕೊನೆಗೂ ಕಪ್ ಗೆದ್ದಿತ್ತು. ಪುಣೆಯಲ್ಲಿ ಕೂತು ನಾವೆಲ್ಲ ಕುಣಿದಿದ್ವಿ. ಮಾರನೇ ದಿನ ಸಾಯಂಕಾಲ ಟಿವಿಯಲ್ಲಿ ಚಿನ್ನಸ್ವಾಮಿ ಸ್ಟೇಡಿಯಂ ಹೊರಗಿನ ದೃಶ್ಯ ಬಂತು. ಹನ್ನೊಂದು ಜನ ಹೋದರು. ನನ್ನ ಅಕ್ಕನ ಮಗ ಅಲ್ಲೇ ಎಲ್ಲೋ ಇದ್ದ, ಫೋನ್ ಹೋಗ್ತಾ ಇರಲಿಲ್ಲ. ಆಮೇಲೆ ಸಿಕ್ಕಿದಾಗ ನಾನು ಮೊದಲು ಕೇಳಿದ್ದೇನು ಗೊತ್ತಾ? "ಆ ಹುಚ್ಚರ ಮಧ್ಯೆ ನಿನ್ನನ್ನ ಹೋಗು ಅಂತ ಹೇಳಿದ್ದು ಯಾರು?" ಅಂತ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಮಾಮ, ನಾನು ಯಾರನ್ನೂ ತಳ್ಳಲಿಲ್ಲ. ಯಾರೂ ಬೇಕು ಅಂತ ನನ್ನನ್ನ ತಳ್ಳಲಿಲ್ಲ. ಒಂದು ಹಂತದಲ್ಲಿ ನನ್ನ ಕಾಲೇ ನೆಲಕ್ಕೆ ತಾಗ್ತಾ ಇರಲಿಲ್ಲ."

ಇದನ್ನ ಆಫೀಸ್ ಕ್ಯಾಂಟೀನಿನಲ್ಲಿ ಹೇಳ್ತಾ ಇದ್ದಾಗ ನಮ್ಮ ಟೀಮಿನ ಬಂಗಾಳಿ ದಾದಾ ಊಟ ನಿಲ್ಲಿಸಿದರು. "ನಮ್ಮ ಅಪ್ಪ ಇರೋವರೆಗೂ ಪ್ರತಿ ಆಗಸ್ಟ್ 16ಕ್ಕೆ ತಪ್ಪದೆ ರಕ್ತದಾನ ಮಾಡೋರು. ಯಾಕೆ ಗೊತ್ತಾ?" ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ನಿಮ್ಮಲ್ಲೂ ಬಹಳ ಜನಕ್ಕೆ ಗೊತ್ತಿರಲಿಕ್ಕಿಲ್ಲ.

ಈಡನ್ ಗಾರ್ಡನ್ಸ್, 1980

ಕೋಲ್ಕತ್ತಾದಲ್ಲಿ ಎರಡು ಕ್ಲಬ್ಬುಗಳು. ಮೋಹನ್ ಬಗಾನ್ 1889ರದ್ದು. 1911ರಲ್ಲಿ ಬಹುಪಾಲು ಬರಿಗಾಲಲ್ಲೇ ಆಡಿ ಬ್ರಿಟಿಷ್ ಸೈನ್ಯದ ತಂಡವನ್ನು ಸೋಲಿಸಿ ಐಎಫ್ಎ ಶೀಲ್ಡ್ ಗೆದ್ದ ಕ್ಲಬ್ಬು. ಈಸ್ಟ್ ಬೆಂಗಾಲ್ ಹುಟ್ಟಿದ್ದು 1920ರಲ್ಲಿ. ದೇಶ ವಿಭಜನೆ ಆದಮೇಲೆ ಪೂರ್ವ ಬಂಗಾಳದಿಂದ ಊರು ಮನೆ ಬಿಟ್ಟು ಬಂದವರಿಗೆ ಅದು ಬರೀ ಫುಟ್‌ಬಾಲ್ ತಂಡ ಆಗಿರಲಿಲ್ಲ, ಬಿಟ್ಟುಬಂದ ಊರಿನ ಹೆಸರೇ ಆಗಿತ್ತು. ಪರಸ್ಥಳದಲ್ಲಿ ಕನ್ನಡ ಸಂಘ ಕಟ್ಟಿಕೊಂಡಿರೋ ನಮಗೆ ಇದು ಅರ್ಥ ಆಗುತ್ತೆ, ಅಲ್ವಾ? ಈಸ್ಟ್ ಬೆಂಗಾಲ್ ಗೆದ್ದರೆ ಅವರ ಮನೆಗಳಲ್ಲಿ ಇಲಿಶ್ ಮೀನು, ಮೋಹನ್ ಬಗಾನ್ ಗೆದ್ದರೆ ಇವರ ಮನೆಗಳಲ್ಲಿ ಸೀಗಡಿ.

1980ರ ಆಗಸ್ಟ್ 16ರಂದು ಕಲ್ಕತ್ತಾ ಲೀಗಿನಲ್ಲಿ ಈ ಎರಡು ತಂಡಗಳ ಪಂದ್ಯ, ಈಡನ್ ಗಾರ್ಡನ್ಸ್‌ನಲ್ಲಿ. ಮೈದಾನದಲ್ಲಿ ಈಸ್ಟ್ ಬೆಂಗಾಲ್‌ನ ದಿಲೀಪ್ ಪಾಲಿತ್, ಮೋಹನ್ ಬಗಾನ್‌ನ ಬಿದೇಶ್ ಬೋಸ್ ನಡುವೆ ಜಟಾಪಟಿ ಆಯ್ತು. ರೆಫ್ರಿ ಇಬ್ಬರನ್ನೂ ಹೊರಗೆ ಕಳಿಸಿದರು. ಅದರ ಕಿಡಿ ಗ್ಯಾಲರಿಗೆ ಹಾರಿತು. ಎರಡೂ ಕಡೆಯ ಬೆಂಬಲಿಗರು ಒಂದೇ ಸ್ಟ್ಯಾಂಡಿನಲ್ಲಿ ಅಕ್ಕಪಕ್ಕ ಕೂತಿದ್ದರು. ಹೊಡೆದಾಟ ಶುರುವಾದಾಗ ಜಗಳಕ್ಕೆ ಸಂಬಂಧವೇ ಇಲ್ಲದ ಸಾವಿರಾರು ಜನ ಹೊರಗೆ ಹೋಗೋಕೆ ನೋಡಿದರು. ಇಕ್ಕಟ್ಟಾದ ದಾರಿಗಳಲ್ಲಿ ಒಬ್ಬರ ಮೇಲೊಬ್ಬರು ಸಿಕ್ಕಿಕೊಂಡರು. ಮ್ಯಾಚ್ ನೋಡೋಕೆ ಹೋದ ಹದಿನಾರು ಜನ ಮನೆಗೆ ವಾಪಸ್ ಬರಲಿಲ್ಲ.

ಅವತ್ತಿನಿಂದ ಬಂಗಾಳದಲ್ಲಿ ಆಗಸ್ಟ್ 16 ಫುಟ್‌ಬಾಲ್ ಪ್ರೇಮಿಗಳ ದಿನ. ಸತ್ತವರ ನೆನಪಿಗೆ ರಕ್ತದಾನ ಶಿಬಿರ ನಡೆಯುತ್ತೆ. ದಾದಾ ಅವರ ಅಪ್ಪ ಹೋಗ್ತಾ ಇದ್ದಿದ್ದು ಅಲ್ಲಿಗೆ.

ಇದನ್ನ ಕೇಳಿ ನಾನು ಮತ್ತೆ ಅದೇ ಮಾತು ಹೇಳಿದೆ: "ಏನೇ ಆದರೂ ಫುಟ್‌ಬಾಲ್ ಹುಚ್ಚು ಬಿಡಿ ದಾದಾ." ಅವರು ತಲೆ ಅಲ್ಲಾಡಿಸಿದರು. "ಹುಚ್ಚೇ ಕಾರಣ ಆದರೆ 1997ರಲ್ಲಿ ಇನ್ನೂ ಜಾಸ್ತಿ ಸಾಯಬೇಕಿತ್ತಲ್ಲ?" ಅಂದರು.

ವಿಷಯ ಏನಂದ್ರೆ, 1984ರಲ್ಲಿ ಸಾಲ್ಟ್ ಲೇಕ್‌ನಲ್ಲಿ ದೊಡ್ಡ ಸ್ಟೇಡಿಯಂ ಬಂತು. 1997ರ ಜುಲೈ 13ರಂದು ಅಲ್ಲಿ ಫೆಡರೇಷನ್ ಕಪ್ ಸೆಮಿಫೈನಲ್, ಮತ್ತೆ ಇವೇ ಎರಡು ತಂಡಗಳು. ಸುಮಾರು 1 ಲಕ್ಷ 31 ಸಾವಿರ ಜನ. ಭೈಚುಂಗ್ ಭುಟಿಯಾ ಹ್ಯಾಟ್ರಿಕ್ ಹೊಡೆದ, ಈಸ್ಟ್ ಬೆಂಗಾಲ್ 4-1ರಿಂದ ಗೆದ್ದಿತು. ಅದೇ ಊರು, ಅದೇ ಹಗೆ, ಅದೇ ಹುಚ್ಚು. ಆದರೆ 1980ರಂಥ ದುರಂತ ಆಗಲಿಲ್ಲ.

ಹಾಗಾದ್ರೆ ಜನ ಸಾಯೋದು ಯಾತರಿಂದ? ಈ ಪ್ರಶ್ನೆ ಹಿಡಿದುಕೊಂಡು ಓದೋಕೆ ಕೂತೆ.

ಗಲಾಟೆ ಬೇರೆ, ಒತ್ತಡ ಬೇರೆ

ನಮ್ಮ ಪೇಪರ್, ಟಿವಿ ಎಲ್ಲದರಲ್ಲೂ ಇಂಥದ್ದಕ್ಕೆ ಒಂದೇ ಪದ: ಕಾಲ್ತುಳಿತ. ಪದವನ್ನು ಬಿಡಿಸಿ ನೋಡಿ. ಕಾಲಿದೆ, ತುಳಿತ ಇದೆ. ಅಂದರೆ ಯಾರೋ ತುಳಿದರು ಅಂತ ಪದವೇ ತೀರ್ಪು ಕೊಟ್ಟುಬಿಡುತ್ತೆ. ಪಕ್ಕದಲ್ಲಿದ್ದವನೇ ಅಪರಾಧಿ.

ನಿಜ ಏನಂದ್ರೆ, ಇಂಥ ದುರಂತಗಳಲ್ಲಿ ಬಹಳಷ್ಟು ಜನ ತುಳಿತಕ್ಕೆ ಸಿಕ್ಕಿ ಸಾಯೋದಲ್ಲ. ಉಸಿರು ಕಟ್ಟಿ ಸಾಯ್ತಾರೆ, ಎಷ್ಟೋ ಸಲ ನಿಂತಲ್ಲೇ. ಉಸಿರಾಡಬೇಕಾದರೆ ಎದೆ ಹಿಗ್ಗಬೇಕು. ಮುಂದಿನಿಂದ, ಹಿಂದಿನಿಂದ ಒತ್ತಡ ಬಿದ್ದರೆ ಎದೆ ಹಿಗ್ಗೋಕೆ ಜಾಗವೇ ಇರಲ್ಲ. ಒಂದು ಚದರ ಮೀಟರಿಗೆ ನಾಲ್ಕೈದು ಜನ ಇರೋವರೆಗೆ ನಮ್ಮ ಕಾಲು ನಮ್ಮ ಮಾತು ಕೇಳುತ್ತೆ. ಆರೇಳಕ್ಕೆ ಹೋಯ್ತು ಅಂದರೆ ಗುಂಪು ನೀರಿನ ಹಾಗೆ ಆಗುತ್ತೆ. ಎಲ್ಲೋ ಒಂದು ಕಡೆ ಆದ ಸಣ್ಣ ತಳ್ಳಾಟ ಅಲೆಯಾಗಿ ಹರಿದು ಬರುತ್ತೆ. ಆಮೇಲೆ ನಾವು ನಡೆಯಲ್ಲ, ನಮ್ಮನ್ನ ಒಯ್ಯುತ್ತೆ. ನನ್ನ ಅಕ್ಕನ ಮಗ ಹೇಳಿದ್ದು ಅಕ್ಷರಶಃ ಇದೇ.

ಇನ್ನೊಂದು ಮಾತು. ಹಿಂದಿರೋನಿಗೆ ಮುಂದೆ ಏನಾಗ್ತಿದೆ ಅಂತ ಗೊತ್ತೇ ಆಗಲ್ಲ. ಮುಂದೆ ಹೋಗೋಕೆ ದಾರಿ ಇದೆ ಅಂದುಕೊಂಡು ಒಂದು ಹೆಜ್ಜೆ ಇಡ್ತಾನೆ. ಹೀಗೆ ಸಾವಿರ ಜನ ಒಂದೊಂದೇ ಹೆಜ್ಜೆ ಇಟ್ಟರೆ ಮುಂದಿರೋನ ಎದೆ ಮೇಲೆ ಬೀಳೋ ಭಾರಕ್ಕೆ ಕಬ್ಬಿಣದ ಕಂಬಿ ಕೂಡ ಬಾಗುತ್ತೆ.

ಗಲಾಟೆಯೇ ಇಲ್ಲದೆ ಇದು ಆಗಬಹುದಾ? ಆಗಿದೆ. 1971ರ ಜನವರಿ 2, ಸ್ಕಾಟ್ಲೆಂಡಿನ ಗ್ಲಾಸ್ಗೋದ ಐಬ್ರಾಕ್ಸ್ ಮೈದಾನ. ರೇಂಜರ್ಸ್ ಮತ್ತು ಸೆಲ್ಟಿಕ್ ಪಂದ್ಯ. ಅದೂ ಕೋಲ್ಕತ್ತಾದ ಹಾಗೆ ಜನ್ಮದ ಹಗೆ. ಆದರೆ ಅವತ್ತು ಹೊಡೆದಾಟದಿಂದ ಏನೂ ಆಗಲಿಲ್ಲ. ಕೊನೇ ಕ್ಷಣಗಳಲ್ಲಿ ಸೆಲ್ಟಿಕ್ ಒಂದು ಗೋಲು, ಅದಾದ ತಕ್ಷಣ ರೇಂಜರ್ಸ್ ಒಂದು ಗೋಲು. ಪಂದ್ಯ 1-1. ಜನ ಖುಷಿಯಾಗಿ ಮನೆಗೆ ಹೊರಟರು. 13ನೇ ನಂಬರಿನ ಕಡಿದಾದ ಮೆಟ್ಟಿಲಲ್ಲಿ ಯಾರೋ ಎಡವಿದರು. ಮೇಲಿಂದ ಇಳಿಯೋರಿಗೆ ಗೊತ್ತಾಗಲಿಲ್ಲ. 66 ಜನ ಸತ್ತರು.

ಹೊರಟುಹೋಗ್ತಿದ್ದವರು ಗೋಲಿನ ಕೂಗು ಕೇಳಿ ವಾಪಸ್ ಮೆಟ್ಟಿಲು ಹತ್ತಿದರು, ಹಾಗಾಗಿ ಡಿಕ್ಕಿ ಆಯ್ತು ಅನ್ನೋ ಕಥೆ ಬಹಳ ದಿನ ಓಡಾಡಿತು. ತನಿಖೆಯಲ್ಲಿ ಗೊತ್ತಾಯ್ತು, ಎಲ್ಲರೂ ಇಳಿಯೋ ದಿಕ್ಕಿನಲ್ಲೇ ಇದ್ದರು ಅಂತ. ಅದೇ ಮೆಟ್ಟಿಲಲ್ಲಿ 1961ರಲ್ಲಿ ಇಬ್ಬರು ಸತ್ತಿದ್ದರು. 1967, 1969ರಲ್ಲೂ ಜನಕ್ಕೆ ಗಾಯವಾಗಿತ್ತು. ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದರೆ, ಮೂರು ಸಲ ಟಿಕೆಟ್ ರೈಸ್ ಆಗಿತ್ತು, ಯಾರೂ ಸರಿಯಾಗಿ ಫಿಕ್ಸ್ ಮಾಡಿರಲಿಲ್ಲ. ಕೊನೆಗೆ ಬೈಗುಳ ಬಿದ್ದಿದ್ದು ಯೂಸರ್‌ಗೆ.

ಬೇಲಿ ಹಾಕಿದ ಕಾಲ

ಹಾಗಂತ ಫುಟ್‌ಬಾಲ್ ಪ್ರೇಕ್ಷಕರೆಲ್ಲ ಸಾಧುಗಳು ಅಂತ ನಾನು ಹೇಳ್ತಾ ಇಲ್ಲ. ಎಪ್ಪತ್ತು, ಎಂಬತ್ತರ ದಶಕದ ಇಂಗ್ಲೆಂಡಿನಲ್ಲಿ ಗೂಂಡಾಗಿರಿ ನಿಜವಾಗಿಯೂ ಇತ್ತು. ಶನಿವಾರ ಬಂತು ಅಂದರೆ ಕೆಲವು ಗುಂಪುಗಳಿಗೆ ಆಟಕ್ಕಿಂತ ಹೊಡೆದಾಟವೇ ಮುಖ್ಯ. 1985ರ ಮಾರ್ಚಿನಲ್ಲಿ ಲೂಟನ್ ಊರಿನಲ್ಲಿ ಮಿಲ್‌ವಾಲ್ ಕ್ಲಬ್ಬಿನ ಬೆಂಬಲಿಗರು ಕುರ್ಚಿ ಕಿತ್ತು ಪೊಲೀಸರ ಮೇಲೆ ಎಸೆದಿದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು.

ಅದೇ ವರ್ಷ ಮೇ 29ರಂದು ಬ್ರಸೆಲ್ಸ್‌ನ ಹೇಯ್ಸಲ್ ಸ್ಟೇಡಿಯಂನಲ್ಲಿ ಲಿವರ್‌ಪೂಲ್ ಮತ್ತು ಯುವೆಂಟಸ್ ನಡುವೆ ಯುರೋಪಿಯನ್ ಕಪ್ ಫೈನಲ್. ಲಿವರ್‌ಪೂಲ್ ಬೆಂಬಲಿಗರ ಒಂದು ಗುಂಪು ಪಕ್ಕದ ಬ್ಲಾಕಿನ ಮೇಲೆ ನುಗ್ಗಿತು. ಅಲ್ಲಿದ್ದವರು ಓಡಿ ಗೋಡೆಗೆ ಒತ್ತಿಕೊಂಡರು. ಹಳೇ ಗೋಡೆ, ಕುಸಿಯಿತು. 39 ಜನ ಸತ್ತರು, ಬಹುಪಾಲು ಇಟಲಿಯವರು. ಇಷ್ಟಾದರೂ ಅದೇ ರಾತ್ರಿ ಪಂದ್ಯ ಆಡಿಸಿದರು. ಇಂಗ್ಲಿಷ್ ಕ್ಲಬ್ಬುಗಳನ್ನು ಐದು ವರ್ಷ ಯುರೋಪಿನಿಂದ ಹೊರಗಿಟ್ಟರು. ಈ ತಪ್ಪು ಬೆಂಬಲಿಗರದ್ದೇ, ಮುಚ್ಚಿಡೋಕೆ ಏನೂ ಇಲ್ಲ. ಆದರೆ ಆ ಶಿಥಿಲ ಸ್ಟೇಡಿಯಂನಲ್ಲಿ ಫೈನಲ್ ಇಟ್ಟಿದ್ದು, ಎರಡು ಗುಂಪಿನ ಮಧ್ಯೆ ತೆಳು ಬೇಲಿ ಬಿಟ್ಟಿದ್ದು ಬೆಂಬಲಿಗರಲ್ಲ.

ಇದಕ್ಕೆಲ್ಲ ಇಂಗ್ಲೆಂಡ್ ಕಂಡುಕೊಂಡಿದ್ದ ಉತ್ತರ ಒಂದೇ: ಬೇಲಿ. ನಿಂತು ನೋಡೋ ಗ್ಯಾಲರಿಗಳನ್ನು ಕಬ್ಬಿಣದ ಸರಳು ಹಾಕಿ ಭಾಗ ಮಾಡಿದರು. ಅವಕ್ಕೆ ಅವರ ಭಾಷೆಯಲ್ಲಿದ್ದ ಹೆಸರು ದನದ ದೊಡ್ಡಿಗೆ ಇಟ್ಟ ಹೆಸರೇ. 1985ರಲ್ಲಿ ಚೆಲ್ಸೀ ಕ್ಲಬ್ಬಿನ ಮಾಲೀಕ ಕೆನ್ ಬೇಟ್ಸ್, ಹಸುಗಳನ್ನು ತಡೆಯೋಕೆ ಹಾಕ್ತಾರಲ್ಲ, ಅಂಥ ಕರೆಂಟ್ ಬೇಲಿಯನ್ನೇ ಮೈದಾನದ ಸುತ್ತ ಹಾಕಿಸಿದ. ಸ್ಥಳೀಯ ಆಡಳಿತ ಒಪ್ಪದೆ ಇದ್ದಿದ್ದಕ್ಕೆ ಕರೆಂಟ್ ಹರಿಯಲಿಲ್ಲ, ಅಷ್ಟೇ.

ಬೇಲಿ ಇಲ್ಲದಿದ್ದರೆ ಏನಾಗುತ್ತೆ ಅನ್ನೋದೂ ಅದೇ ತಿಂಗಳು ಗೊತ್ತಾಗಿತ್ತು. 1985ರ ಮೇ 11, ಬ್ರಾಡ್‌ಫರ್ಡ್. ಮರದ ಹಳೇ ಸ್ಟ್ಯಾಂಡ್. ಹಲಗೆಗಳ ಕೆಳಗೆ ವರ್ಷಗಟ್ಟಲೆ ಬಿದ್ದ ಕಸಕ್ಕೆ ಬೆಂಕಿ ಹತ್ತಿತು. ನಾಲ್ಕೈದು ನಿಮಿಷದಲ್ಲಿ ಇಡೀ ಸ್ಟ್ಯಾಂಡ್ ಉರಿಯಿತು. 56 ಜನ ಸತ್ತರು. ಹಿಂದಿನ ಬಾಗಿಲ ಕಡೆ ಓಡಿದವರಿಗೆ ಬೀಗ ಹಾಕಿದ ಗೇಟು ಎದುರಾಯ್ತು. ಮುಂದೆ ಮೈದಾನಕ್ಕೆ ಇಳಿದ ಸಾವಿರಾರು ಜನ ಬದುಕಿಕೊಂಡರು, ಯಾಕಂದ್ರೆ ಆ ಸ್ಟ್ಯಾಂಡಿನ ಮುಂದೆ ಎತ್ತರದ ಬೇಲಿ ಇರಲಿಲ್ಲ. ಈ ಪಾಠ ಎಲ್ಲರ ಕಣ್ಣ ಮುಂದೆಯೇ ಇತ್ತು. ಆದರೂ ಬೇರೆ ಕಡೆ ಬೇಲಿಗಳು ಹಾಗೇ ನಿಂತವು.

ಹಿಲ್ಸ್‌ಬರೋ, 1989

ನಾಲ್ಕು ವರ್ಷ ಬಿಟ್ಟು, 1989ರ ಏಪ್ರಿಲ್ 15. ಶೆಫೀಲ್ಡ್ ನಗರದ ಹಿಲ್ಸ್‌ಬರೋ ಸ್ಟೇಡಿಯಂ. ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ನಡುವೆ ಎಫ್ಎ ಕಪ್ ಸೆಮಿಫೈನಲ್. ಶನಿವಾರ ಮಧ್ಯಾಹ್ನ ಮೂರಕ್ಕೆ ಆಟ.

ಲೆಪಿಂಗ್ಸ್ ಲೇನ್ ಕಡೆಯಲ್ಲಿ ನಿಂತು ನೋಡೋ ಲಿವರ್‌ಪೂಲ್ ಬೆಂಬಲಿಗರು 10,100 ಜನ. ಅವರಿಗೆ ಇದ್ದಿದ್ದು ಏಳು ತಿರುಗುಗೇಟು. ಲೆಕ್ಕ ಹಾಕಿ ನೋಡಿ. ಮೂರು ಗಂಟೆ ಹತ್ತಿರ ಬಂದಂತೆ ಗೇಟಿನ ಹೊರಗೆ ಒತ್ತಡ ಜಾಸ್ತಿ ಆಯ್ತು. ಆಟವನ್ನು ಸ್ವಲ್ಪ ತಡವಾಗಿ ಶುರು ಮಾಡಬಹುದಿತ್ತು, ಮಾಡಲಿಲ್ಲ. 2 ಗಂಟೆ 52 ನಿಮಿಷಕ್ಕೆ, ಹೊರಗಿನ ಒತ್ತಡ ಕಮ್ಮಿ ಮಾಡೋಕೆ ಅಂತ, ಪೊಲೀಸರ ಆದೇಶದ ಮೇಲೆ ಸಿ ಗೇಟನ್ನು ತೆರೆದರು. ಸುಮಾರು ಎರಡು ಸಾವಿರ ಜನ ಒಳಗೆ ಬಂದರು. ಎದುರಿಗೇ ಒಂದು ಸುರಂಗದ ದಾರಿ. ಅದು ಹೋಗೋದು ನಡುವಿನ 3 ಮತ್ತು 4ನೇ ದೊಡ್ಡಿಗೆ. ಅವು ಆಗಲೇ ತುಂಬಿ ತುಳುಕುತ್ತಿದ್ದವು. ಎಡಬಲದ ದೊಡ್ಡಿಗಳಲ್ಲಿ ಬೇಕಾದಷ್ಟು ಜಾಗ ಇತ್ತು. ಆ ಕಡೆ ಹೋಗಿ ಅಂತ ಹೇಳೋಕೆ ಅಲ್ಲಿ ಯಾರೂ ಇರಲಿಲ್ಲ. ತುಂಬಿಹೋದ ಸರ್ವರ್‌ಗೇ ಎಲ್ಲ ಟ್ರಾಫಿಕ್ ಕಳಿಸಿದ ಹಾಗೆ.

ಮುಂದೆ ಬೇಲಿ, ಹಿಂದೆ ಜನ. ಜನ ಬೇಲಿ ಹತ್ತೋಕೆ ನೋಡಿದಾಗ, ಗಲಾಟೆ ಮಾಡೋಕೆ ಮೈದಾನಕ್ಕೆ ನುಗ್ತಾ ಇದ್ದಾರೆ ಅಂತ ಮೊದಲು ಪೊಲೀಸರು ತಿಳಿದರು. ಬಹಳ ವರ್ಷ ಹಾಗೇ ಯೋಚಿಸಿ ಅಭ್ಯಾಸ ಆಗಿತ್ತಲ್ಲ. 3 ಗಂಟೆ 6 ನಿಮಿಷಕ್ಕೆ ಆಟ ನಿಂತಿತು. ಜಾಹೀರಾತಿನ ಹಲಗೆ ಕಿತ್ತು, ಅದನ್ನೇ ಸ್ಟ್ರೆಚರ್ ಮಾಡಿಕೊಂಡು ಜನರನ್ನು ಹೊತ್ತವರು ಯಾರು? ಗೂಂಡಾಗಳು ಅನ್ನಿಸಿಕೊಂಡ ಅದೇ ಬೆಂಬಲಿಗರು. ಒಟ್ಟು ಸತ್ತವರು 97. ಅವತ್ತಿನ ಗಾಯದಿಂದ ನರಳಿ ನರಳಿ 97ನೆಯವರು ಹೋಗಿದ್ದು 2021ರಲ್ಲಿ. ಸತ್ತವರಲ್ಲಿ ಎಲ್ಲರಿಗಿಂತ ಚಿಕ್ಕ ಹುಡುಗನಿಗೆ ಹತ್ತು ವರ್ಷ.

ಆಮೇಲೆ ನಡೆದಿದ್ದು ಎರಡನೇ ದುರಂತ. ಬೆಂಬಲಿಗರೇ ಗೇಟು ಮುರಿದು ನುಗ್ಗಿದರು ಅಂತ ಸ್ಥಳದಲ್ಲಿದ್ದ ಪೊಲೀಸ್ ಮುಖ್ಯಸ್ಥ ಹೇಳಿದ. ಅದು ಸುಳ್ಳು. ನಾಲ್ಕು ದಿನ ಕಳೆದ ಮೇಲೆ 'ದಿ ಸನ್' ಪತ್ರಿಕೆ, 'ಸತ್ಯ' ಅನ್ನೋ ದೊಡ್ಡ ತಲೆಬರಹದ ಕೆಳಗೆ, ಬೆಂಬಲಿಗರು ಹೆಣಗಳ ಜೇಬಿಗೆ ಕೈ ಹಾಕಿದರು ಅಂತೆಲ್ಲ ಬರೆಯಿತು. ಅದೂ ಸುಳ್ಳು. ಲಿವರ್‌ಪೂಲಿನ ಎಷ್ಟೋ ಅಂಗಡಿಗಳಲ್ಲಿ ಇಂದಿಗೂ ಆ ಪೇಪರ್ ಇಡಲ್ಲ. ಮಕ್ಕಳೂ ಸೇರಿ ಸತ್ತವರ ರಕ್ತದಲ್ಲಿ ಮದ್ಯ ಇದೆಯಾ ಅಂತ ಪರೀಕ್ಷೆ ಮಾಡಿದ್ದರು.

ನ್ಯಾಯಮೂರ್ತಿ ಟೇಲರ್ ಅವರ ವರದಿ 1989ರಲ್ಲೇ, ಮುಖ್ಯ ಕಾರಣ ಪೊಲೀಸ್ ನಿಯಂತ್ರಣ ತಪ್ಪಿದ್ದು ಅಂತ ಹೇಳಿತ್ತು. ಆದರೂ ಕಳಂಕ ಹೋಗಲಿಲ್ಲ. ಸತ್ತವರ ಅಪ್ಪ ಅಮ್ಮಂದಿರು ಬಿಡಲಿಲ್ಲ. 2012ರಲ್ಲಿ ಸ್ವತಂತ್ರ ಸಮಿತಿಯೊಂದು ದಾಖಲೆಗಳನ್ನೆಲ್ಲ ಬಿಚ್ಚಿ ನೋಡಿದಾಗ, ಪೊಲೀಸರ 164 ಹೇಳಿಕೆಗಳನ್ನು ತಿದ್ದಿದ್ದು ಬಯಲಾಯ್ತು. ಸರಿಯಾದ ಸಮಯಕ್ಕೆ ಚಿಕಿತ್ಸೆ ಸಿಕ್ಕಿದ್ದರೆ 41 ಜನ ಬದುಕೋ ಸಾಧ್ಯತೆ ಇತ್ತು ಅಂತಲೂ ಗೊತ್ತಾಯ್ತು. ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. 2016ರ ಏಪ್ರಿಲ್ 26ರಂದು ಜ್ಯೂರಿ ಹೇಳಿತು: ಇದು ಆಕಸ್ಮಿಕ ಅಲ್ಲ, ಕಾನೂನುಬಾಹಿರ ಸಾವು, ಬೆಂಬಲಿಗರ ತಪ್ಪು ಇಲ್ಲ. ಈ ಒಂದು ಮಾತಿಗೆ 27 ವರ್ಷ ಬೇಕಾಯ್ತು. ಎಷ್ಟೋ ತಾಯಂದಿರು ಅದನ್ನ ಕೇಳೋಕೆ ಉಳಿದಿರಲಿಲ್ಲ.

ಟೇಲರ್ ವರದಿ ಆದಮೇಲೆ ಬೇಲಿಗಳು ಹೋದವು, ದೊಡ್ಡ ಕ್ಲಬ್ಬುಗಳ ಸ್ಟೇಡಿಯಂಗಳಲ್ಲಿ ಪ್ರತಿಯೊಬ್ಬರಿಗೂ ಕುರ್ಚಿ ಬಂತು. ನಾವು ವೀಕೆಂಡಿನಲ್ಲಿ ಸೋಫಾ ಮೇಲೆ ಕೂತು ನೋಡೋ ಪ್ರೀಮಿಯರ್ ಲೀಗಿನ ನೀಟಾದ ಗ್ಯಾಲರಿಗಳು ಇವೆಯಲ್ಲ, ಅವುಗಳ ಅಡಿಪಾಯದಲ್ಲಿ ಈ 97 ಜನ ಇದ್ದಾರೆ. ಟಿಕೆಟ್ ಬೆಲೆ ಏರಿ ಬಡ ಬೆಂಬಲಿಗ ಹೊರಗುಳಿದ ಅನ್ನೋ ದೂರೂ ಇದೆ, ಅದು ನಿಜವೇ.

ಹೆದರಿಕೆಯಿಂದ ಹಾರಿಸಿದ ಹೊಗೆ

ಗುಂಪನ್ನು ಕಂಡು ಹೆದರಿ ಮಾಡೋ ಇನ್ನೊಂದು ಕೆಲಸ ಅಶ್ರುವಾಯು. 1964ರ ಮೇ 24, ಪೆರು ದೇಶದ ಲಿಮಾ. ಅರ್ಜೆಂಟೀನಾ ವಿರುದ್ಧ ಒಲಿಂಪಿಕ್ ಅರ್ಹತಾ ಪಂದ್ಯ. ಪೆರುವಿನ ಗೋಲನ್ನು ರೆಫ್ರಿ ಒಪ್ಪಲಿಲ್ಲ, ಒಂದಿಬ್ಬರು ಮೈದಾನಕ್ಕೆ ಇಳಿದರು. ಪೊಲೀಸರು ಗ್ಯಾಲರಿಗೆ ಅಶ್ರುವಾಯು ಹಾರಿಸಿದರು. ಜನ ಮೆಟ್ಟಿಲಿಳಿದು ಓಡಿದರು, ಕೆಳಗೆ ಗೇಟು ಮುಚ್ಚಿತ್ತು. ಅಧಿಕೃತ ಲೆಕ್ಕದಲ್ಲೇ 328 ಜನ ಸತ್ತರು.

ಅದಾಗಿ 58 ವರ್ಷಕ್ಕೆ, 2022ರ ಅಕ್ಟೋಬರ್ 1ರಂದು, ಇಂಡೋನೇಷ್ಯಾದ ಮಲಾಂಗ್‌ನಲ್ಲಿ ಬಹುತೇಕ ಅದೇ ಆಯ್ತು. ಸೋತ ಬೇಜಾರಿಗೆ ಕೆಲವರು ಮೈದಾನಕ್ಕೆ ಇಳಿದರು, ಅಶ್ರುವಾಯು ಹಾರಿತು, ಇಕ್ಕಟ್ಟಾದ ಗೇಟುಗಳಲ್ಲಿ ಜನ ಸಿಕ್ಕಿಕೊಂಡರು. 135 ಸಾವು. ಸ್ಟೇಡಿಯಂ ಒಳಗೆ ಅಶ್ರುವಾಯು ಬಳಸಬಾರದು ಅಂತ ಫಿಫಾ ನಿಯಮದಲ್ಲೇ ಇದೆ. ಕೆಲವರ ತಪ್ಪಿಗೆ ಸಾವಿರಾರು ಜನರನ್ನು ಓಡಿಸಿದರೆ, ಓಡೋಕೆ ದಾರಿ ಎಲ್ಲಿದೆ ಅಂತ ಮೊದಲು ನೋಡಬೇಕು.

ನಮಗೆ ಇದರಿಂದ ಏನು?

ನಾವು ಗುಂಪಿನಲ್ಲೇ ಬದುಕೋರು. ಲೋಕಲ್ ಟ್ರೈನು, ಮೆಟ್ರೋ, ಗಣಪತಿ ವಿಸರ್ಜನೆ, ದಸರಾಕ್ಕೆ ಊರಿಗೆ ಹೋಗೋ ರೈಲು. 2017ರ ಸೆಪ್ಟೆಂಬರಿನಲ್ಲಿ ಮುಂಬೈನ ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ ಪಾದಚಾರಿ ಸೇತುವೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತಿದ್ದು ಮುಂಬೈನವರಿಗೆ ನೆನಪಿರುತ್ತೆ. ಅವರೆಲ್ಲ ಮಾಮೂಲಿ ಪ್ರಯಾಣಿಕರು. ಅಲ್ಲಿ ಯಾವ ಕಪ್ಪೂ ಇರಲಿಲ್ಲ, ಹುಚ್ಚೂ ಇರಲಿಲ್ಲ.

ಹಾಗಾಗಿ ಕೆಲವು ವಿಷಯ ನೆನಪಿಟ್ಟುಕೊಳ್ಳಿ. ದೊಡ್ಡ ಗುಂಪಿಗೆ ಹೋದಾಗ ಒಳಗೆ ಬಂದ ಗೇಟು ಬಿಟ್ಟು ಇನ್ನೊಂದು ದಾರಿ ಎಲ್ಲಿದೆ ನೋಡಿಕೊಳ್ಳಿ. ಕೈ ಎತ್ತಿ ಮುಖ ಒರೆಸಿಕೊಳ್ಳೋಕೆ ಆಗ್ತಾ ಇಲ್ಲ ಅನ್ನಿಸಿದರೆ ಅದೇ ಎಚ್ಚರಿಕೆ, ಆಗಲೇ ಹೊರಬೀಳಿ. ಸಿಕ್ಕಿಕೊಂಡರೆ ಎರಡೂ ಕೈ ಮಡಚಿ ಎದೆ ಮುಂದೆ ಇಟ್ಟುಕೊಳ್ಳಿ, ಉಸಿರಿಗೆ ಜಾಗ ಉಳಿಯಲಿ. ಒತ್ತಡದ ಅಲೆಗೆ ಎದುರು ತಳ್ಳಬೇಡಿ, ಅದು ನಿಂತಾಗ ಓರೆಯಾಗಿ ಅಂಚಿನ ಕಡೆ ಸರೀರಿ. ಗೋಡೆ, ಬೇಲಿಯಿಂದ ದೂರ ಇರಿ. ಬಿದ್ದ ಚಪ್ಪಲಿ, ಫೋನ್ ಎತ್ತೋಕೆ ಬಗ್ಗಬೇಡಿ. ಹಿಂದೆ ಇದ್ದೀರಾ? ಮುಂದೆ ಜಾಗ ಇದೆ ಅಂದುಕೊಂಡು ನುಗ್ಗಬೇಡಿ, ನಿಂತುಬಿಡಿ. ಆ ಒಂದು ಹೆಜ್ಜೆ ಇಡದೆ ಇದ್ದರೆ ಯಾರದೋ ಜೀವ ಉಳಿಯಬಹುದು.

ಇದಕ್ಕಿಂತ ಮುಖ್ಯವಾದ ಒಂದು ಮಾತಿದೆ. ಮುಂದಿನ ಸಲ ಇಂಥ ಸುದ್ದಿ ಬಂದಾಗ, ಫ್ಯಾಮಿಲಿ ಗ್ರೂಪಿನಲ್ಲಿ "ಅಲ್ಲಿಗೆ ಹೋಗು ಅಂತ ಯಾರು ಹೇಳಿದ್ದರು" ಅಂತ ಟೈಪ್ ಮಾಡೋ ಮುಂಚೆ ನಾಲ್ಕು ಪ್ರಶ್ನೆ ಕೇಳಿ. ಎಷ್ಟು ಗೇಟು ತೆರೆದಿತ್ತು? ಎಷ್ಟು ಜನ ಬರ್ತಾರೆ ಅಂತ ಯಾರು ಲೆಕ್ಕ ಹಾಕಿದ್ದರು? ದಾರಿ ತೋರಿಸೋಕೆ ಯಾರಿದ್ದರು? ಹೊರಗೆ ಹೋಗೋ ದಾರಿ ಎಲ್ಲಿತ್ತು? ಆಮೇಲೆ ಬೇಕಾದರೆ ಬೈಯೋಣ.

ಅವತ್ತು ಸಂಜೆ ಅಕ್ಕನ ಮಗನಿಗೆ ಫೋನ್ ಮಾಡಿದೆ. ಈಡನ್ ಗಾರ್ಡನ್ಸ್, ಹಿಲ್ಸ್‌ಬರೋ ಎಲ್ಲ ಹೇಳಿದೆ. ಕೊನೆಗೆ, "ನಿನ್ನನ್ನ ಹಾಗೆ ಕೇಳಬಾರದಿತ್ತು ಕಣೋ, ತಪ್ಪಾಯ್ತು" ಅಂದೆ. "ಇರಲಿ ಬಿಡು ಮಾಮ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ನನ್ನ ಪಕ್ಕದಲ್ಲಿ ಒಬ್ಬ ಇದ್ದ, ನನ್ನ ಕೈ ಹಿಡ್ಕೊಂಡಿದ್ದ. ಅವನು ಹೊರಗೆ ಬಂದನೋ ಇಲ್ಲವೋ ನಂಗೆ ಇನ್ನೂ ಗೊತ್ತಿಲ್ಲ" ಅಂದ. ಆ ಮಾತನ್ನ ಅವನು ಅಲ್ಲಿವರೆಗೆ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನಾವು ಕೇಳಿರಲೂ ಇಲ್ಲ.

ಆಗಸ್ಟ್ 16ಕ್ಕೆ ದಾದಾ ಜೊತೆ ನಾನೂ ರಕ್ತ ಕೊಟ್ಟು ಬಂದೆ.